ಮೂಲನಿಧಿಯನ್ನು ಉಣ್ಣುವ ಸರ್ಕಾರಗಳು

ಬಸದಿಯ ಶಾಶ್ವತ ಪೂಜಾ ನಿಧಿಗೆ ಶ್ರಾವಕನೊಬ್ಬನು ಹಣ ಕಟ್ಟಿದನೆಂದರೆ ಆ ಹಣದ ಸ್ವಭಾವವೇ ಬದಲಾಗುತ್ತದೆ. ಅದರ ಬಡ್ಡಿಯಿಂದ ಪೂಜೆ ನಡೆಯಬಹುದು, ಅಭಿಷೇಕ ನಡೆಯಬಹುದು, ಮೂಲಧನವನ್ನು ಮುಟ್ಟುವಂತಿಲ್ಲ. ಶ್ರವಣಬೆಳಗೊಳದಲ್ಲಿ 13ನೆಯ ಶತಮಾನದ ಶಾಸನಗಳಲ್ಲಿಯೇ ಈ ವ್ಯವಸ್ಥೆಯ ದಾಖಲೆಯಿದೆ: ಇಷ್ಟು ಗದ್ಯಾಣ ಹೊನ್ನನ್ನು ಇಡುಗಂಟಾಗಿ ಇರಿಸಿ, ಅದರ ಬಡ್ಡಿಯಿಂದ ಗೊಮ್ಮಟನ ನಿತ್ಯಾಭಿಷೇಕಕ್ಕೆ ಇಂತಿಷ್ಟು ಹಾಲು ಸಲ್ಲಬೇಕೆಂದು ದಾನಿಗಳು ಕಲ್ಲಿನಲ್ಲಿ ಬರೆಯಿಸಿದ್ದಾರೆ. ಇಂದಿನ ಆದಾಯ ತೆರಿಗೆ ಕಾನೂನು ಕೂಡ ಮೂಲನಿಧಿಗೆಂದು ಬಂದ ದಾನವನ್ನು ಸಾಮಾನ್ಯ ದಾನದಿಂದ ಬೇರ್ಪಡಿಸಿಯೇ ನೋಡುತ್ತದೆ. ಟ್ರಸ್ಟಿಯೊಬ್ಬನು ಈ ನಿಧಿಯನ್ನು ಮುರಿದು ವಾರ್ಷಿಕೋತ್ಸವದ ಊಟಕ್ಕೆ ಖರ್ಚುಮಾಡಿ, ಜಮಾಖರ್ಚಿನ ಪಟ್ಟಿಯಲ್ಲಿ ‘ಈ ಸಾಲಿನ ಆದಾಯ’ವೆಂದು ಬರೆದುಕೊಂಡರೆ ಮಹಾಸಭೆಯು ಅವನನ್ನು ಅಂದೇ ಕೆಳಗಿಳಿಸೀತು. ಅದಕ್ಕೆ ಯಾವ ಅರ್ಥಶಾಸ್ತ್ರಜ್ಞನ ಸಲಹೆಯೂ ಬೇಕಾಗದು.

ಭಾರತದ ಸರ್ಕಾರಗಳು ಇದೇ ಕೆಲಸವನ್ನು ಪ್ರತಿವರ್ಷವೂ ಶಾಸನಸಭೆಗಳ ಎದುರಿನಲ್ಲಿಯೇ ಮಾಡುತ್ತಿವೆ. ನೆಲದೊಳಗಿನ ಅದಿರನ್ನು ಮಾರಿದಾಗ ಬರುವ ರಾಜಧನವನ್ನು ರಾಜ್ಯಗಳ ಬಜೆಟ್ಟಿನಲ್ಲಿ ರಾಜಸ್ವ ಸ್ವೀಕೃತಿಯ ಕೆಳಗೆ, ತೆರಿಗೆಯೇತರ ಆದಾಯವೆಂದು, 0853 ಸಂಖ್ಯೆಯ ಲೆಕ್ಕಶೀರ್ಷಿಕೆಯಲ್ಲಿ ಜಮೆ ಮಾಡಲಾಗುತ್ತದೆ. ಅಲ್ಲಿಂದ ಅದು ಸಂಬಳಕ್ಕೆ, ಪಿಂಚಣಿಗೆ, ಸಹಾಯಧನಕ್ಕೆ, ಹಳೆಯ ಸಾಲದ ಬಡ್ಡಿಗೆ ಹರಿದುಹೋಗುತ್ತದೆ. ಕೋಟ್ಯಂತರ ವರ್ಷಗಳಲ್ಲಿ ರೂಪುಗೊಂಡ, ಒಮ್ಮೆ ತೆಗೆದರೆ ಮರಳಿ ಹುಟ್ಟದ ಆಸ್ತಿಯೊಂದು ಕಡಿಮೆಯಾದುದಕ್ಕೆ ಖರ್ಚಿನ ಬದಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಪರಿಣಾಮವು ವಿಚಿತ್ರವಾದುದು: ಯಾವ ರಾಜ್ಯವು ತನ್ನ ಗುಡ್ಡಗಳನ್ನು ಹೆಚ್ಚು ವೇಗವಾಗಿ ಕರಗಿಸುತ್ತದೆಯೋ ಆ ರಾಜ್ಯದ ರಾಜಸ್ವ ಕೊರತೆಯು ಅಷ್ಟು ಕಡಿಮೆಯಾಗಿ ಕಾಣುತ್ತದೆ. ಮನೆಯ ತೊಲೆಗಳನ್ನು ಕಿತ್ತು ಮಾರುವವನ ಕೈಯಲ್ಲಿ ಹಣ ಓಡಾಡುತ್ತಿರುವುದನ್ನು ಕಂಡು ಅವನನ್ನು ಸಂಪಾದನಶೀಲನೆಂದು ಹೊಗಳಿದಂತೆ.

ಈ ತಪ್ಪಿಗೆ ಕಂಪನಿ ಕಾನೂನಿನ ಚರಿತ್ರೆಯಲ್ಲಿ ಒಂದು ಹಳೆಯ ಸಮರ್ಥನೆಯೂ ಇದೆ. 1889ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಲೀ ಮತ್ತು ನ್ಯೂಷಾಟೆಲ್ ಆಸ್ಫಾಲ್ಟ್ ಕಂಪನಿಯ ಮೊಕದ್ದಮೆಯಲ್ಲಿ, ಸವೆದುಹೋಗುವ ಗಣಿಯನ್ನೇ ಆಸ್ತಿಯಾಗಿ ಹೊಂದಿರುವ ಕಂಪನಿಯು ಆ ಸವೆತಕ್ಕೆಂದು ಏನನ್ನೂ ತೆಗೆದಿರಿಸದೆ ಲಾಭಾಂಶ ಹಂಚಬಹುದೆಂದು ತೀರ್ಪಿತ್ತಿತು. ಲೆಕ್ಕಪರಿಶೋಧನೆಯ ವಿದ್ಯಾರ್ಥಿಗಳು ತಲೆಮಾರುಗಳಿಂದ ಈ ಮೊಕದ್ದಮೆಯನ್ನು ಕಂಠಪಾಠ ಮಾಡಿಕೊಂಡು ಬಂದಿದ್ದಾರೆ. ಭಾರತವು 1960ರ ತಿದ್ದುಪಡಿಯಿಂದ, ಸವಕಳಿಯನ್ನು ಕಳೆಯದೆ ಲಾಭಾಂಶ ಹಂಚಕೂಡದೆಂದು ಕಂಪನಿಗಳನ್ನು ಕಟ್ಟಿಹಾಕಿತು. ಖಾಸಗಿ ಷೇರುದಾರನಿಗೆ ಸಿಕ್ಕ ಈ ರಕ್ಷಣೆಯು ದೇಶದ ಪ್ರಜೆಗೆ ಇನ್ನೂ ಸಿಕ್ಕಿಲ್ಲ. ಸರ್ಕಾರಗಳು ಇಂದಿಗೂ ನ್ಯೂಷಾಟೆಲ್ ಕಂಪನಿಯ ನಿರ್ದೇಶಕರಂತೆಯೇ ವರ್ತಿಸುತ್ತಿವೆ. ಒಂದು ವ್ಯತ್ಯಾಸವಿದೆ: ಆ ನಿರ್ದೇಶಕರು ತಾವು ಹಂಚುತ್ತಿರುವುದು ಸವೆಯುವ ಆಸ್ತಿಯ ಹಣವೆಂಬುದನ್ನು ಮರೆಮಾಚಿರಲಿಲ್ಲ.

ವಿಷಯವು ಕೇವಲ ಪುಸ್ತಕದ್ದೆಂದು ತಿಳಿಯುವವರು ವಿಶಾಖಪಟ್ಟಣದ ಬಂದರನ್ನು ನೋಡಬೇಕು. 1933ರಲ್ಲಿ ತೆರೆದ ಈ ಬಂದರಿನ ಹುಟ್ಟಿನ ಹಿಂದೆ ಮಧ್ಯಪ್ರಾಂತ್ಯದ ಮ್ಯಾಂಗನೀಸ್ ಅದಿರನ್ನು ಕಡಲಿಗೆ ತರುವ ಉದ್ದೇಶವಿತ್ತು. ಸ್ವಾತಂತ್ರ್ಯಾನಂತರ, 1960ರ ದಶಕದಲ್ಲಿ, ಜಪಾನಿನ ನೆರವಿನಿಂದ ಪೂರ್ವಘಟ್ಟಗಳನ್ನು ಕೊರೆದು ಕೊತ್ತವಲಸದಿಂದ ಕಿರಂದುಲ್‌ವರೆಗೆ ಸುಮಾರು 445 ಕಿಲೋಮೀಟರಿನ ರೈಲುಹಾದಿಯನ್ನು ಹಾಕಲಾಯಿತು. ಐವತ್ತಕ್ಕೂ ಹೆಚ್ಚು ಸುರಂಗಗಳಿರುವ, ಇಂದು ಪ್ರವಾಸಿಗರು ಅರಕು ಕಣಿವೆಯ ಚೆಲುವನ್ನು ನೋಡಲು ಏರುವ ಈ ಹಾದಿಯು ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಬಸ್ತರಿನ ಬೈಲಾಡಿಲದ ಕಬ್ಬಿಣದ ಅದಿರನ್ನು ಜಪಾನಿನ ಉಕ್ಕಿನ ಕುಲುಮೆಗಳಿಗೆ ಸಾಗಿಸಲು ಹುಟ್ಟಿದ್ದು. ಅದಿರಿನ ಹಡಗುಗಳು ಬೆಳೆದಂತೆ ಒಳಬಂದರು ಸಾಲದಾಗಿ 1976ರಲ್ಲಿ ಹೊರಬಂದರು ಸಿದ್ಧವಾಯಿತು. ಜಗತ್ತಿನ ಉತ್ಕೃಷ್ಟ ಹೆಮಟೈಟ್ ಅದಿರುಗಳಲ್ಲಿ ಒಂದೆನಿಸಿದ ಬೈಲಾಡಿಲದ ಅದಿರು ಹೀಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಊರಿನ ಮೂಲಕ ಹೊರಗೆ ಹೋಗಿದೆ.

ಇದನ್ನು ಸಂಪೂರ್ಣ ನಷ್ಟವೆಂದು ಹೇಳುವುದು ಅನ್ಯಾಯವಾದೀತು. ಅದಿರು ಹೋಯಿತು, ರೈಲುಹಾದಿ ಉಳಿಯಿತು, ಬಂದರು ಉಳಿಯಿತು. ವಿದೇಶೀ ವಿನಿಮಯಕ್ಕಾಗಿ ದೇಶವು ಕಂಗಾಲಾಗಿದ್ದ ಕಾಲದಲ್ಲಿ ಜಪಾನಿನ ಹಣವೂ ಬಂದಿತು. ನೆಲದೊಳಗಿನ ಆಸ್ತಿಯು ನೆಲದ ಮೇಲಿನ ಆಸ್ತಿಯಾಗಿ ಮಾರ್ಪಟ್ಟರೆ ಲೆಕ್ಕಶಾಸ್ತ್ರಕ್ಕೆ ತಕರಾರಿಲ್ಲ. ಮರಕ್ಕೆ ಬದಲು ಹಣ್ಣಿನ ತೋಟ ಸಿಕ್ಕಿದರೆ ಯಜಮಾನನು ಬಡವನಾಗುವುದಿಲ್ಲ. ತಕರಾರಿರುವುದು ಮಾರ್ಪಡದೆ ಹೋದ ಭಾಗದ ಬಗ್ಗೆ, ಹಾಗೂ ಎಷ್ಟು ಮಾರ್ಪಟ್ಟಿತು, ಎಷ್ಟು ಕರಗಿತು ಎಂಬ ಲೆಕ್ಕವನ್ನು ಯಾರೂ ಇಡದೆ ಹೋದುದರ ಬಗ್ಗೆ.

ಅದಿರು ತಮ್ಮೂರಿನ ಮೇಲೆಯೇ ಹಾದುಹೋಗುವಾಗ ಉಕ್ಕು ಇಲ್ಲಿಯೇ ಏಕೆ ತಯಾರಾಗಬಾರದೆಂದು ಆಂಧ್ರದ ಜನ ಕೇಳಿದರು. ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಎಂಬ ಆ ಘೋಷಣೆಯು ಕನ್ನಡಿಗನಿಗೆ ಅನುವಾದವಿಲ್ಲದೆಯೇ ಅರ್ಥವಾಗುತ್ತದೆ. 1966ರಲ್ಲಿ ಟಿ. ಅಮೃತರಾವ್ ಅವರು ವಿಶಾಖಪಟ್ಟಣದಲ್ಲಿ ಉಪವಾಸ ಕುಳಿತರು. ಚಳವಳಿಯಲ್ಲಿ 32 ಮಂದಿ ಪ್ರಾಣ ತೆತ್ತರೆಂದು ಆ ನಾಡು ಇಂದಿಗೂ ಸ್ಮರಿಸುತ್ತದೆ. 1971ರ ಜನವರಿ 20ರಂದು ಇಂದಿರಾ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು. ಅರವತ್ತಕ್ಕೂ ಹೆಚ್ಚು ಹಳ್ಳಿಗಳ ಜನ ನೆಲ ಬಿಟ್ಟುಕೊಟ್ಟರು. 1992ರ ಆಗಸ್ಟ್ 1ರಂದು ಪಿ. ವಿ. ನರಸಿಂಹ ರಾವ್ ಅವರು ಕಾರ್ಖಾನೆಯನ್ನು ದೇಶಕ್ಕೆ ಸಮರ್ಪಿಸಿದರು. ಎಲ್ಲವನ್ನೂ ಕೊಟ್ಟ ಸರ್ಕಾರವು ಒಂದನ್ನು ಮಾತ್ರ ಕೊಡಲಿಲ್ಲ: ಸ್ವಂತ ಅದಿರಿನ ಗಣಿ. ಅದೇ ಬೈಲಾಡಿಲದ ಅದಿರನ್ನು ಅದೇ ಸರ್ಕಾರದ ಮತ್ತೊಂದು ಸಂಸ್ಥೆಯಾದ ಎನ್‌ಎಂಡಿಸಿಯಿಂದ ಮಾರುಕಟ್ಟೆಯ ದರಕ್ಕೆ ಕೊಳ್ಳುತ್ತ, ಗಣಿಗಳುಳ್ಳ ಸ್ಪರ್ಧಿಗಳೊಂದಿಗೆ ಸೆಣಸುತ್ತ, ಸಾಲದ ಬಡ್ಡಿ ಕಟ್ಟುತ್ತ ಕಾರ್ಖಾನೆಯು ದಣಿಯಿತು. 2021ರ ಜನವರಿ 27ರಂದು ಕೇಂದ್ರ ಸಂಪುಟ ಸಮಿತಿಯು ನೂರಕ್ಕೆ ನೂರು ಷೇರು ಮಾರಾಟಕ್ಕೆ ತಾತ್ತ್ವಿಕ ಒಪ್ಪಿಗೆ ಕೊಟ್ಟಿತು. ಜನ ಬೀದಿಗಿಳಿದರು. 2025ರ ಜನವರಿಯಲ್ಲಿ 11,440 ಕೋಟಿ ರೂಪಾಯಿಗಳ ಪುನಶ್ಚೇತನ ಪ್ಯಾಕೇಜು ಘೋಷಣೆಯಾಯಿತು.

ಈ ವಿವಾದದಲ್ಲಿ ಕಾರ್ಮಿಕ ಸಂಘಗಳು ಹೇಳುವುದೊಂದು, ಖಾಸಗೀಕರಣದ ಪ್ರತಿಪಾದಕರು ಹೇಳುವುದು ಇನ್ನೊಂದು. ಇಬ್ಬರೂ ಒಂದು ಪ್ರಶ್ನೆಯನ್ನು ದಾಟಿ ಹೋಗುತ್ತಾರೆ. ಸ್ವಂತ ಗಣಿಯುಳ್ಳ ಕಂಪನಿಯ ಲಾಭದಲ್ಲಿ ಉಕ್ಕಿನ ಕೌಶಲ ಎಷ್ಟು, ಅಗ್ಗದ ಅದಿರಿನ ರೂಪದಲ್ಲಿ ದೇಶವು ಬಿಟ್ಟುಕೊಟ್ಟ ಮೂಲಧನ ಎಷ್ಟು? ವಿಶಾಖಪಟ್ಟಣದ ಕಾರ್ಖಾನೆಯು ಅದಿರಿಗೆ ಪೂರ್ಣ ಬೆಲೆ ಕೊಟ್ಟದ್ದರಿಂದ ಅದರ ನಷ್ಟವು ಪುಸ್ತಕದಲ್ಲಿ ಪ್ರಾಮಾಣಿಕವಾಗಿ ಕಾಣಿಸಿಕೊಂಡಿತು. ಇತರರ ಲಾಭದ ಒಂದು ಭಾಗವು ನೆಲದ ಲಾಭ, ಕಾರ್ಖಾನೆಯದಲ್ಲ. ಆದುದರಿಂದ ಕಾರ್ಖಾನೆಗೂ ಅಗ್ಗದ ಗಣಿ ಕೊಟ್ಟುಬಿಟ್ಟರೆ ಎಲ್ಲವೂ ಸರಿಹೋದೀತೆಂಬ ಬೇಡಿಕೆಯು ರೋಗವನ್ನು ಎಲ್ಲರಿಗೂ ಸಮನಾಗಿ ಹಂಚುವ ಬೇಡಿಕೆ. ಅದಿರಿಗೆ ಎಲ್ಲರೂ ಪೂರ್ಣ ಬೆಲೆ ಕೊಡಬೇಕು, ಆ ಬೆಲೆಯು ಸಂಬಳದ ಖಾತೆಗೆ ಹೋಗದೆ ಮೂಲನಿಧಿಗೆ ಹೋಗಬೇಕು. ಇದನ್ನು ಹೇಳುವ ರಾಜಕೀಯ ಪಕ್ಷವು ಆಂಧ್ರದಲ್ಲಿಲ್ಲ, ಕರ್ನಾಟಕದಲ್ಲಿಯೂ ಇಲ್ಲ.

ವಿಶಾಖಪಟ್ಟಣವನ್ನು ಬಿಟ್ಟು ಕಡಲಗುಂಟ ನೈಋತ್ಯಕ್ಕೆ ಬಂದರೆ ಕೃಷ್ಣಾ ಗೋದಾವರಿ ಜಲಾನಯನದ ಕಥೆ ಎದುರಾಗುತ್ತದೆ. 2002ರಲ್ಲಿ ಡಿ6 ವಿಭಾಗದಲ್ಲಿ ರಿಲಯನ್ಸ್ ಸಂಸ್ಥೆಗೆ ಅನಿಲ ಸಿಕ್ಕಿತೆಂಬ ಸುದ್ದಿ ಬಂದಾಗ ದೇಶದ ಇಂಧನ ದಾರಿದ್ರ್ಯವೇ ಹಿಂಗಿತೆಂದು ಪತ್ರಿಕೆಗಳು ಬರೆದವು. 2009ರ ಏಪ್ರಿಲಿನಲ್ಲಿ ಉತ್ಪಾದನೆ ಆರಂಭವಾಯಿತು. ದಿನಕ್ಕೆ 80 ದಶಲಕ್ಷ ಘನಮೀಟರ್ ಬರಬೇಕಿದ್ದ ಅನಿಲವು 2010ರ ಹೊತ್ತಿಗೆ 60ರ ಆಸುಪಾಸನ್ನು ಮುಟ್ಟಿ, ಅಲ್ಲಿಂದ ಕುಸಿಯತೊಡಗಿ, 2020ರ ಫೆಬ್ರವರಿಯಲ್ಲಿ ಆ ಮೊದಲ ಕ್ಷೇತ್ರವೇ ನಿಂತುಹೋಯಿತು. ಭೂಗರ್ಭದ ಸ್ವಭಾವವೇ ಕಾರಣವೆಂದು ಕಂಪನಿಯೂ, ಒಪ್ಪಿದಷ್ಟು ಬಾವಿ ಕೊರೆಯದಿದ್ದುದು ಕಾರಣವೆಂದು ಸರ್ಕಾರವೂ ವಾದಿಸಿದವು. ಪಕ್ಕದ ಹೊಸ ಕ್ಷೇತ್ರಗಳಿಂದ ಆಮೇಲೆ ಅನಿಲ ಬಂದಿದೆ, ನಿಜ. ಹಳೆಯ ಅಂದಾಜಿನ ಮಟ್ಟಕ್ಕೆ ಅದು ಏರಿಲ್ಲ.

2010ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಅಂಬಾನಿ ಸಹೋದರರ ವ್ಯಾಜ್ಯದಲ್ಲಿ, ಈ ಅನಿಲವು ಯಾವ ಕುಟುಂಬದ ಒಪ್ಪಂದಕ್ಕೂ ಸೇರಿದ್ದಲ್ಲ, ಪ್ರಜೆಗಳ ಪರವಾಗಿ ಸರ್ಕಾರದ ಒಡೆತನಕ್ಕೆ ಸೇರಿದ್ದೆಂದು ಸ್ಪಷ್ಟಪಡಿಸಿತು. ತೀರ್ಪು ಶ್ರೇಷ್ಠವಾದುದು. ಆದರೆ ಒಡೆಯನ ಲೆಕ್ಕಪುಸ್ತಕ ಎಲ್ಲಿದೆ? ಒಪ್ಪಂದದ ಪ್ರಕಾರ ಹೂಡಿಕೆಯ ವೆಚ್ಚವು ಮೊದಲು ಭರ್ತಿಯಾಗಬೇಕು, ಸರ್ಕಾರದ ಪಾಲು ಬೆಳೆಯುವುದು ಆಮೇಲೆ. ಕಡಲೊಳಗಿನ ಸಂಪತ್ತಿನ ರಾಜಧನವು ಕೇಂದ್ರಕ್ಕೆ ಸಲ್ಲುತ್ತದೆ; ದಡದ ರಾಜ್ಯಕ್ಕೆ ಅದರಲ್ಲಿ ಪಾಲಿಲ್ಲ.

ಈ ಅನಿಲದ ಭರವಸೆಯ ಮೇಲೆ ಏನೇನು ಕಟ್ಟಲಾಯಿತೆಂಬುದಕ್ಕೆ ವಿಜಯವಾಡದ ಹೊರವಲಯದ ಕೊಂಡಪಲ್ಲಿಯೇ ಸಾಕ್ಷಿ. ಅಲ್ಲಿನ ಲ್ಯಾಂಕೋ ಅನಿಲ ವಿದ್ಯುತ್ ಸ್ಥಾವರದ 742 ಮೆಗಾವಾಟಿನ ಮೂರನೆಯ ಹಂತವು ಸಿದ್ಧವಾಯಿತು, ಅನಿಲ ಬರಲಿಲ್ಲ. ಒಂದು ಸ್ಥಾವರದ ದುರ್ದೈವವಲ್ಲ ಇದು. ದೇಶದಲ್ಲಿ ಸುಮಾರು 14,300 ಮೆಗಾವಾಟಿನ ಅನಿಲ ಸ್ಥಾವರಗಳು ಇಂಧನವಿಲ್ಲದೆ ಸಿಕ್ಕಿಬಿದ್ದಿವೆಯೆಂದು ಸಂಸತ್ತಿನ ಇಂಧನ ಸ್ಥಾಯೀ ಸಮಿತಿಯು 2019ರ ವೇಳೆಗೆ ಲೆಕ್ಕ ಹಾಕಿತು. ಲ್ಯಾಂಕೋ ಸಮೂಹದ ಮೂಲಕಂಪನಿಯು 2017ರಲ್ಲಿ ರಿಸರ್ವ್ ಬ್ಯಾಂಕು ಹೆಸರಿಸಿದ ಮೊದಲ 12 ದೊಡ್ಡ ಸುಸ್ತಿದಾರರ ಪಟ್ಟಿಯಲ್ಲಿ ಸೇರಿ, ದಿವಾಳಿ ಕಾನೂನಿನ ದಾರಿಯಲ್ಲಿ ಸಮಾಪನಕ್ಕೆ ಹೋಯಿತು. ನೆಲದೊಳಗೆ ಇದೆಯೆಂದು ನಂಬಿದ ಸಂಪತ್ತನ್ನು ಬರುವ ಮುಂಚೆಯೇ ಖರ್ಚುಮಾಡಿದರೆ ಆಗುವ ಗತಿಯಿದು, ಮತ್ತು ಅದರ ಹೊರೆ ಬಿದ್ದದ್ದು ಬ್ಯಾಂಕುಗಳ ಮೇಲೆ, ಅಂದರೆ ಕೊನೆಗೆ ಠೇವಣಿದಾರನ ಮತ್ತು ತೆರಿಗೆದಾರನ ಮೇಲೆ. ಕೊಂಡಪಲ್ಲಿಯು ಅದಕ್ಕಿಂತ ಹಳೆಯ ಕಾಲದಿಂದ ಮರದ ಬೊಂಬೆಗಳಿಗೆ ಪ್ರಸಿದ್ಧ. ಬೊಂಬೆ ಮಾಡುವವರಿಗೂ ಈಗ ಬೆಟ್ಟದ ಬಿಳಿ ಪೊಣಿಕಿ ಮರ ಸಾಕಷ್ಟು ಸಿಗುತ್ತಿಲ್ಲ. ಅವರಾದರೋ ಮರ ನೆಡಬೇಕೆಂಬ ಮಾತನ್ನಾದರೂ ಆಡುತ್ತಾರೆ.

ಸರ್ಕಾರ ಇದರಿಂದ ಪಾಠ ಕಲಿತಿತೇ? ವಿಜಯವಾಡದಲ್ಲಿ ಕೇಂದ್ರ ಕಚೇರಿಯುಳ್ಳ ಆಂಧ್ರಪ್ರದೇಶ ಖನಿಜಾಭಿವೃದ್ಧಿ ನಿಗಮವು 2025ರಲ್ಲಿ ಮಾಡಿದುದನ್ನು ನೋಡಿದರೆ ಹಾಗೆನ್ನಿಸುವುದಿಲ್ಲ. ಜಗತ್ತಿನ ಬೃಹತ್ ಬೆರೈಟ್ ನಿಕ್ಷೇಪಗಳಲ್ಲಿ ಒಂದಾದ ಮಂಗಂಪೇಟೆಯ ಗಣಿಯ ಒಡೆತನ ಈ ನಿಗಮದ್ದು. ಅದು ಸುಮಾರು 9,000 ಕೋಟಿ ರೂಪಾಯಿಗಳನ್ನು ಶೇಕಡಾ 9.3ರ ಬಡ್ಡಿಯ ಡಿಬೆಂಚರುಗಳ ಮೂಲಕ ಎತ್ತಿತು. ಭದ್ರತೆಯಾಗಿ ನಿಂತದ್ದು ಮುಂದೆ ಬರಲಿರುವ ಖನಿಜದ ಆದಾಯ. ಅಷ್ಟು ಸಾಲದೆಂಬಂತೆ ರಾಜ್ಯದ ಸಂಚಿತ ನಿಧಿಗೇ ಸಾಲಿಗರಿಗೆ ಕೈಹಾಕಲು ಅವಕಾಶ ಕೊಟ್ಟಿದ್ದಾರೆಂದು ವಿರೋಧ ಪಕ್ಷವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ವಿರೋಧ ಪಕ್ಷದ ಕೈಯೂ ಶುದ್ಧವಲ್ಲ: ಅದರ ಆಡಳಿತದಲ್ಲಿ ರಾಜ್ಯಾಭಿವೃದ್ಧಿ ನಿಗಮವೆಂಬ ಇನ್ನೊಂದು ಸಂಸ್ಥೆಯನ್ನು ಹುಟ್ಟಿಸಿ, ಬರಲಿರುವ ಮದ್ಯದ ತೆರಿಗೆಯನ್ನು ತೋರಿಸಿ, ವಿಶಾಖಪಟ್ಟಣದ ಸರ್ಕಾರಿ ಆಸ್ತಿಗಳನ್ನು ಅಡವಿಟ್ಟು ಸಾಲ ತಂದದ್ದು ಅದೇ ನಗರದ ಜನರಿಗೆ ನೆನಪಿದೆ. ಪಕ್ಷಗಳು ಬದಲಾಗುತ್ತವೆ, ಜಮಾಖರ್ಚಿನ ರೀತಿ ಬದಲಾಗುವುದಿಲ್ಲ.

ಇಂಥ ಡಿಬೆಂಚರನ್ನು ಲೆಕ್ಕಿಗನ ಕಣ್ಣಿನಿಂದ ನೋಡಬೇಕು. ಅದಿರನ್ನು ತೆಗೆದು ಮಾರಿ ಉಣ್ಣುವುದು ಮೂಲಧನದ ಭಕ್ಷಣೆ. ಇನ್ನೂ ತೆಗೆಯದ ಅದಿರಿನ ಮೇಲೆ ಸಾಲ ತಂದು ಉಣ್ಣುವುದು ಮಕ್ಕಳ ಮೂಲಧನದ ಭಕ್ಷಣೆ, ಅದೂ ಬಡ್ಡಿಸಮೇತ. ಸಾಲದ ಕಂತು ಬಂದಾಗ ಅದಿರಿನ ಬೆಲೆ ಬಿದ್ದಿದ್ದರೆ ಗಣಿಯನ್ನು ಇನ್ನಷ್ಟು ಆಳಕ್ಕೆ, ಇನ್ನಷ್ಟು ವೇಗವಾಗಿ ಅಗೆಯಬೇಕಾಗುತ್ತದೆ. ಆಗ ಎಷ್ಟು ಅಗೆಯಬೇಕೆಂಬುದನ್ನು ಗಣಿ ಇಲಾಖೆಯು ನಿರ್ಧರಿಸುವುದಿಲ್ಲ, ಪರಿಸರ ಇಲಾಖೆಯಂತೂ ಅಲ್ಲವೇ ಅಲ್ಲ. ಸಾಲಪತ್ರದ ಕಾಲಪಟ್ಟಿಯು ನಿರ್ಧರಿಸುತ್ತದೆ. ಒಂಬತ್ತು ಶೇಕಡಾಕ್ಕೂ ಮೀರಿದ ಬಡ್ಡಿ ಎಂದರೆ ಪ್ರಾಂತಾಂತರದಲ್ಲಿರುವ ಸ್ಥಿತಿವಂತ ಕುಟುಂಬಗಳ ಹೂಡಿಕೆ ಸಲಹೆಗಾರರ ಕಣ್ಣು ಅರಳುವುದು ಸಹಜ. ತಮ್ಮ ಹಣವು ಎಲ್ಲಿ ದುಡಿಯುತ್ತಿದೆಯೆಂದು ಕೇಳುವ ಅಭ್ಯಾಸವು ಶ್ರಾವಕರ ಮನೆಗಳಲ್ಲಿ ಊಟದ ವಿಷಯದಲ್ಲಿರುವಷ್ಟು ಹೂಡಿಕೆಯ ವಿಷಯದಲ್ಲಿಯೂ ಇದ್ದಿದ್ದರೆ ಚೆನ್ನಾಗಿತ್ತು. ಸೂರ್ಯಾಸ್ತದ ಮುಂಚೆ ಉಣ್ಣುವವರು ಸೂರ್ಯಾಸ್ತದ ಬಳಿಕವೂ ಅಗೆಯುವ ಗಣಿಯ ಬಡ್ಡಿಯನ್ನು ನಿಶ್ಚಿಂತೆಯಿಂದ ಸ್ವೀಕರಿಸುತ್ತಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು ಅನರ್ಥದಂಡದೊಳಗೆ ಎಣಿಕೆಯಾಗಿದೆ. ನಿತ್ಯದ ಖರ್ಚಿಗಾಗಿ ಬೆಟ್ಟವನ್ನು ಅಗೆಯುವುದನ್ನು ಯಾವ ಪಟ್ಟಿಯಲ್ಲಿ ಸೇರಿಸಬೇಕೆಂಬುದನ್ನು ಸಮಾಜದ ವಿದ್ವಾಂಸರು ಚರ್ಚಿಸಿದ್ದು ಅಪರೂಪ.

ಕೃಷ್ಣೆಯ ಮರಳಿನ ಕಥೆಯನ್ನು ಚುಟುಕಾಗಿಯೇ ಹೇಳಬಹುದು. ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲ್ಭಾಗದಲ್ಲಿ ನಡೆದ ಅನಿಯಂತ್ರಿತ ಮರಳು ಗಣಿಗಾರಿಕೆಗಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಏಪ್ರಿಲಿನಲ್ಲಿ ರಾಜ್ಯಕ್ಕೆ 100 ಕೋಟಿ ರೂಪಾಯಿಗಳ ಮಧ್ಯಂತರ ದಂಡ ವಿಧಿಸಿತು. ಒಂದು ಸರ್ಕಾರ ಮರಳನ್ನು ಉಚಿತವೆಂದಿತು, ಮತ್ತೊಂದು ಬಂದು ನಿಗಮದ ಮೂಲಕ ಮಾರಿತು, ಬಳಿಕ ಖಾಸಗಿ ಕಂಪನಿಗೆ ಒಪ್ಪಿಸಿತು, 2024ರಲ್ಲಿ ಮರಳು ಮತ್ತೆ ಉಚಿತವಾಯಿತು. 2019ರ ನವೆಂಬರಿನಲ್ಲಿ ಮರಳು ಸಿಗದೆ ಕಟ್ಟಡ ಕಾರ್ಮಿಕರು ಕೆಲಸ ಕಳೆದುಕೊಂಡಾಗ ಒಬ್ಬ ನಾಯಕರು ವಿಶಾಖಪಟ್ಟಣದಲ್ಲಿ ಮೆರವಣಿಗೆ ಮಾಡಿದರು, ಇನ್ನೊಬ್ಬರು ವಿಜಯವಾಡದಲ್ಲಿ ಉಪವಾಸ ಮಾಡಿದರು. ಮರಳು ಯಾರಿಗೆ ಸಿಗಬೇಕೆಂಬುದೇ ಎಲ್ಲರ ಜಗಳ. ನದಿಯು ವರ್ಷಕ್ಕೆ ಎಷ್ಟು ಮರಳನ್ನು ತಂದುಕೊಡಬಲ್ಲುದು, ಅದನ್ನು ಮೀರಿ ತೆಗೆದರೆ ಏನಾದೀತು ಎಂಬುದು ಯಾರ ಭಾಷಣದಲ್ಲಿಯೂ ಮುಖ್ಯವಾಗಲಿಲ್ಲ. ಖನಿಜಗಳಲ್ಲಿ ಮರಳಾದರೂ ಬಡ್ಡಿ ಕೊಡುವ ನಿಧಿ. ಬಡ್ಡಿಯಷ್ಟನ್ನೇ ತೆಗೆದುಕೊಂಡರೆ ಅದು ತೀರುವುದಿಲ್ಲ. ಅದನ್ನೂ ಅಸಲಿನ ಸಮೇತ ತೆಗೆಯುವ ಅವಸರ ಈ ದೇಶದ್ದು.

ಬಡದೇಶಕ್ಕೆ ಇಂದಿನ ಶಾಲೆ, ಇಂದಿನ ಆಸ್ಪತ್ರೆ ಮುಖ್ಯ, ನಾರ್ವೆಯಂತೆ ಕೂಡಿಡಲು ಸಾಧ್ಯವಿಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಸಿದ ಮಗುವಿನ ಮುಂದೆ ಮೂಲನಿಧಿಯ ಪಾಠ ಹೇಳುವುದು ಕ್ರೌರ್ಯ. ಆದರೆ ಅದಿರಿನ ಹಣವು ಶಾಲೆಯಾಗಿ, ಆಸ್ಪತ್ರೆಯಾಗಿ ಮಾರ್ಪಟ್ಟಿದೆಯೆಂದು ತೋರಿಸುವ ಹೊಣೆಯು ಹಾಗೆ ವಾದಿಸುವವರದು. ಬೈಲಾಡಿಲದ ಅದಿರು ಐವತ್ತು ವರ್ಷಕ್ಕೂ ಮೀರಿ ಹೊರಹೋದ ದಾಂತೇವಾಡ ಇಂದು ದೇಶದ ಹಿಂದುಳಿದ ಜಿಲ್ಲೆಗಳ ಸಾಲಿನಲ್ಲಿಯೇ ಇದೆ. ಹಣವು ಅಲ್ಲಿ ಶಾಲೆಯಾಗಲಿಲ್ಲ. ಬೇರೆಲ್ಲಿ ಏನಾಯಿತೆಂಬುದಕ್ಕೆ ಪ್ರತ್ಯೇಕ ಖಾತೆಯಿಲ್ಲದ ಕಾರಣ ಉತ್ತರವೂ ಇಲ್ಲ. ನಾರ್ವೆಯ ಮಾತಿಗೆ ಬಂದರೆ, 1969ರಲ್ಲಿ ತೈಲ ಸಿಕ್ಕಾಗ ಅದು ಇಂದಿನ ಸಿರಿವಂತ ನಾರ್ವೆಯಾಗಿರಲಿಲ್ಲ. 1990ರಲ್ಲಿ ನಿಧಿಯ ಕಾನೂನು ಮಾಡಿತು, 1996ರಲ್ಲಿ ಮೊದಲ ಕಂತು ಕಟ್ಟಿತು, 2001ರಲ್ಲಿ ನಿಧಿಯ ನಿರೀಕ್ಷಿತ ಪ್ರತಿಫಲವಾದ ಶೇಕಡಾ 4ರಷ್ಟನ್ನು ಮಾತ್ರ ಬಜೆಟ್ಟಿಗೆ ತೆಗೆಯುವ ನಿಯಮ ಮಾಡಿಕೊಂಡಿತು, 2017ರಲ್ಲಿ ಅದನ್ನೂ 3ಕ್ಕೆ ಇಳಿಸಿತು. ಬೆಳಗೊಳದ ಹಾಲಿನ ದತ್ತಿಗೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಇನ್ನೊಂದು ತುದಿಯಲ್ಲಿ ಪೆಸಿಫಿಕ್ ಸಾಗರದ ನೌರು ದ್ವೀಪವಿದೆ. 1968ರಲ್ಲಿ ಸ್ವತಂತ್ರವಾಗಿ, ಫಾಸ್ಫೇಟ್ ಮಾರಿ, ಕೆಲಕಾಲ ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದು, ಕೂಡಿಟ್ಟ ನಿಧಿಯನ್ನೂ ಕೆಟ್ಟ ಹೂಡಿಕೆಗಳಲ್ಲಿ ಕಳೆದುಕೊಂಡು, 2001ರ ಹೊತ್ತಿಗೆ ಆಸ್ಟ್ರೇಲಿಯಾ ಕಳುಹಿಸಿದ ಆಶ್ರಯಾರ್ಥಿಗಳನ್ನು ಹಣಕ್ಕಾಗಿ ಇರಿಸಿಕೊಳ್ಳುವ ಸ್ಥಿತಿಗೆ ಅದು ಬಂದಿತು. ನಿಧಿ ಮಾಡಿದರಷ್ಟೇ ಸಾಲದು, ಟ್ರಸ್ಟಿಯು ಯೋಗ್ಯನಿರಬೇಕೆಂಬುದನ್ನೂ ನೌರು ತೋರಿಸುತ್ತದೆ.

ದೂರದ ದ್ವೀಪದವರೆಗೆ ಹೋಗಬೇಕಾಗಿಯೂ ಇಲ್ಲ. ಕೋಲಾರದ ಗಣಿಗಳಿಂದ ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಹೊರಬಂದಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಊರಿನ ಜನ ಪ್ರತಿದಿನವೂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಕಾರ್ಕಳ, ಮೂಡುಬಿದಿರೆಯ ಕುಟುಂಬಗಳಿಗೆ ಕುದುರೆಮುಖದ ಕಥೆ ಇನ್ನೂ ಹತ್ತಿರದ್ದು. ಇರಾನಿನ ಬೇಡಿಕೆಯನ್ನು ನಂಬಿ 1976ರಲ್ಲಿ ಕಂಪನಿ ಹುಟ್ಟಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ಗಣಿ ನಿಂತಿತು. ಆಮೇಲೆ ಮಂಗಳೂರಿನ ಉಂಡೆಅದಿರಿನ ಸ್ಥಾವರವನ್ನು ನಡೆಸಲು ಅದಿರನ್ನು ಎಲ್ಲಿಂದ ತರಿಸಿದರು? ಬೈಲಾಡಿಲದಿಂದ ರೈಲಿನಲ್ಲಿ ವಿಶಾಖಪಟ್ಟಣದ ಕಡೆಗೆ, ಅಲ್ಲಿಂದ ಹಡಗಿನಲ್ಲಿ ಇಡೀ ದಕ್ಷಿಣ ಪರ್ಯಾಯದ್ವೀಪವನ್ನು ಸುತ್ತಿ ಮಂಗಳೂರಿಗೆ. ಒಂದು ಬೆಟ್ಟದ ಮೂಲಧನ ಮುಗಿದಾಗ ಇನ್ನೊಂದು ಬೆಟ್ಟದ ಮೂಲಧನಕ್ಕೆ ಕೈಹಾಕಿದ್ದಷ್ಟೇ ಆಯಿತು. ಬಳ್ಳಾರಿಯ ವಿಷಯವನ್ನು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿಯೇ ಹೇಳಿದೆ. ಅಲ್ಲಿ ನಡೆದದ್ದು ಕಳವು, ಮತ್ತು ಕಳವನ್ನು ಖಂಡಿಸುವುದು ಸುಲಭ. ಕಾನೂನುಬದ್ಧವಾಗಿ, ರಸೀದಿ ಕೊಟ್ಟು, ವಿಧಾನಸಭೆಯ ಅನುಮೋದನೆ ಪಡೆದು ನಡೆಯುವ ಕರಗುವಿಕೆಯನ್ನು ಖಂಡಿಸುವವರು ಕಡಿಮೆ.

ಪರಿಹಾರವು ವಿದೇಶದಿಂದ ಬರಬೇಕಾದದ್ದಲ್ಲ. ಅಂದಿನ ವಿಶಾಖಪಟ್ಟಣ ಜಿಲ್ಲೆಯ ಅನಂತಗಿರಿ ಮಂಡಲದ ಬೊರ್ರಾ ಪ್ರದೇಶದಲ್ಲಿ, ಗಿರಿಜನರ ನೆಲದಲ್ಲಿ ಕೊಟ್ಟ ಗಣಿ ಗುತ್ತಿಗೆಗಳನ್ನು ಪ್ರಶ್ನಿಸಿ ಸಮತಾ ಎಂಬ ಸಂಸ್ಥೆಯು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರ ಜುಲೈ 11ರಂದು ಚಾರಿತ್ರಿಕ ತೀರ್ಪು ಕೊಟ್ಟಿತು. ಅನುಸೂಚಿತ ಪ್ರದೇಶದ ನೆಲವನ್ನು ಖಾಸಗಿ ಕಂಪನಿಗೆ ಗುತ್ತಿಗೆ ಕೊಡುವಂತಿಲ್ಲವೆಂಬ ಅದರ ಭಾಗವೇ ಹೆಚ್ಚು ಪ್ರಸಿದ್ಧ. ಗಣಿಯ ನಿವ್ವಳ ಲಾಭದಲ್ಲಿ ಕನಿಷ್ಠ ಶೇಕಡಾ 20ನ್ನು ಶಾಶ್ವತ ನಿಧಿಯಾಗಿ ಇರಿಸಿ ಅಲ್ಲಿನ ನೀರು, ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಬಳಸಬೇಕೆಂಬ ಭಾಗವನ್ನು ನೆನಪಿಟ್ಟವರು ಕಡಿಮೆ. 2014ರ ಏಪ್ರಿಲ್ 21ರಂದು ಅದೇ ನ್ಯಾಯಾಲಯವು ಗೋವಾದ ಅದಿರಿನ ಮಾರಾಟದಲ್ಲಿ ಶೇಕಡಾ 10ನ್ನು ಶಾಶ್ವತ ನಿಧಿಗೆ ಕಟ್ಟಬೇಕೆಂದು ಆಜ್ಞಾಪಿಸಿತು. ಎರಡೂ ಬಾರಿ ನ್ಯಾಯಾಲಯ ಹೇಳಬೇಕಾಯಿತು. ಯಾವ ಹಣಕಾಸು ಸಚಿವರಿಗೂ ತಾವಾಗಿ ಹೊಳೆಯಲಿಲ್ಲ. 2015ರಲ್ಲಿ ಸಂಸತ್ತು ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಸ್ಥಾಪಿಸಿತಾದರೂ ಅವು ಖರ್ಚಿನ ನಿಧಿಗಳು, ಮೂಲನಿಧಿಗಳಲ್ಲ. ಮಹಾಲೇಖಪಾಲರ ಕಚೇರಿಯು 2022ರಲ್ಲಿ ರಾಜ್ಯಗಳ ಖನಿಜ ಮತ್ತು ಇಂಧನ ಸಂಪತ್ತಿನ ಆಸ್ತಿಲೆಕ್ಕಗಳನ್ನು ಸಂಕಲಿಸಿ ಪ್ರಕಟಿಸಿತು. ಲೆಕ್ಕ ಬಾರದೆಂಬ ನೆವಕ್ಕೂ ಆ ಬಳಿಕ ಎಡೆಯಿಲ್ಲ.

2024ರ ಜುಲೈ 25ರ ತೀರ್ಪಂತೂ ನೇರವಾಗಿ ಮರ್ಮಕ್ಕೆ ಮುಟ್ಟಿದೆ. ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಕನ್ನಡದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರ ಭಿನ್ನಮತವೊಂದನ್ನು ಬಿಟ್ಟು, ರಾಜಧನವು ತೆರಿಗೆಯಲ್ಲ, ಖನಿಜದ ಹಕ್ಕಿಗಾಗಿ ಗುತ್ತಿಗೆದಾರನು ಒಡೆಯನಿಗೆ ಕೊಡುವ ಪ್ರತಿಫಲವೆಂದು ಹೇಳಿತು. ರಾಜ್ಯಗಳು ಇದನ್ನು ವಿಜಯವೆಂದು ಕೊಂಡಾಡಿದವು, ಖನಿಜಗಳ ಮೇಲೆ ತೆರಿಗೆ ಹಾಕುವ ದಾರಿ ತೆರೆಯಿತಲ್ಲಾ ಎಂದು. ತೀರ್ಪಿನ ಇನ್ನೊಂದು ಅರ್ಥವನ್ನು ಓದಿದವರು ವಿರಳ: ರಾಜಧನವು ಪ್ರತಿಫಲವಾದರೆ, ಆಸ್ತಿಯನ್ನು ಬಿಟ್ಟುಕೊಟ್ಟದ್ದಕ್ಕೆ ಬಂದ ಬೆಲೆಯಾದರೆ, ಅದನ್ನು ರಾಜಸ್ವವೆಂದು ಬರೆಯುವ ಹಕ್ಕು ಯಾವ ಅರ್ಥಸಚಿವನಿಗಿದೆ? ಹೊಲ ಮಾರಿದ ಹಣವನ್ನು ಬೆಳೆಯ ಹಣವೆಂದು ಬರೆದುಕೊಳ್ಳುವ ರೈತನು ಎಲ್ಲಿಯೂ ಇಲ್ಲ.

ಆದಕಾರಣ ಕೇಳಬೇಕಾದದ್ದು ಸರಳವಾಗಿದೆ. ರಾಜಧನವೂ ಹರಾಜಿನ ಪ್ರೀಮಿಯಮ್ಮೂ ಬಂಡವಾಳ ಸ್ವೀಕೃತಿಯ ಕೆಳಗೆ ಬರೆಯಲ್ಪಡಬೇಕು. ಪ್ರತಿ ರಾಜ್ಯದ ಶಾಶ್ವತ ನಿಧಿಗೆ ಅದರ ನಿಶ್ಚಿತ ಪಾಲು ಕಾನೂನಿನಿಂದಲೇ ಸಲ್ಲಬೇಕು. ತೆಗೆಯದ ಖನಿಜದ ಮೇಲೆ ಸಾಲ ಎತ್ತುವುದು ನಿಷೇಧವಾಗಬೇಕು. ಸಮಾಜದ ಮುಖಂಡರು ಮಂತ್ರಿಗಳನ್ನು ಕಾಣುವಾಗ ಅಲ್ಪಸಂಖ್ಯಾತರ ಸೌಲಭ್ಯ, ಭವನದ ನಿವೇಶನ, ಮಹಾಮಸ್ತಕಾಭಿಷೇಕದ ಅನುದಾನ ಇವುಗಳ ಪಟ್ಟಿಯನ್ನು ಒಯ್ಯುತ್ತಾರೆ. ಅನುದಾನವೂ ಅದೇ ಕರಗುವ ಬೊಕ್ಕಸದಿಂದಲೇ ಬರುತ್ತದೆ. ಮೂಲನಿಧಿಯನ್ನು ಕಾಯುವ ವಿದ್ಯೆಯನ್ನು ಶತಮಾನಗಳಿಂದ ಬಲ್ಲ ಸಮಾಜವೊಂದರ ಪಟ್ಟಿಯಲ್ಲಿ ಈ ಬೇಡಿಕೆಯೂ ಇರಬಹುದಿತ್ತು. ವ್ಯಾಪಾರಿಗಳೂ ಲೆಕ್ಕಪರಿಶೋಧಕರೂ ಇಷ್ಟು ಮಂದಿಯಿರುವ ಸಮಾಜಕ್ಕೆ ಇದರ ಕರಡನ್ನು ಬರೆಯುವುದು ಒಂದು ಸಂಜೆಯ ಕೆಲಸ.

ಕಾಲವೂ ಕೂಡಿಬಂದಿದೆ. 2005ರ ಏಪ್ರಿಲ್ 1ರಿಂದೀಚೆಗಿನ ಖನಿಜ ತೆರಿಗೆಯ ಬಾಕಿಯನ್ನು ರಾಜ್ಯಗಳು ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟ್ 14ರಂದು ಅನುಮತಿಸಿ, 2026ರ ಏಪ್ರಿಲ್ 1ರಿಂದ 12 ವರ್ಷಗಳ ಕಂತುಗಳಲ್ಲಿ ಅದನ್ನು ಕಟ್ಟಿಸಿಕೊಳ್ಳುವಂತೆ ಹೇಳಿದೆ. ಈಗಾಗಲೇ ಕರಗಿಹೋದ ಬೆಟ್ಟಗಳ ಹೆಸರಿನಲ್ಲಿ ಬರುವ ಹಣವದು. ಆ ಕಂತುಗಳನ್ನು ಯಾವ ಖಾತೆಯಲ್ಲಿ ಇಡಬೇಕೆಂದು ನ್ಯಾಯಾಲಯವು ಹೇಳಿಲ್ಲ. ಅದನ್ನು ಹೇಳಬೇಕಾದವರು ಪ್ರತಿ ರಾಜ್ಯದ ಶಾಸಕರು, ಅವರಿಗೆ ಪತ್ರ ಬರೆಯಬೇಕಾದವರು ಮತದಾರರು.